ಆರುಮೂಲಿ ಪೇಟಿ

ಗೌರಾಬಾಯಿ ಹತ್ತೂರೆ ಹೆಂಗ ಹಾಡತಿದ್ಳು ಅಂತ ನನ್ನ ಕೇಳಬ್ಯಾಡ್ರಿ.
ನಾ ಪೇಟಿ ರಿಪೇರಿಯವ. ಸೊಲ್ಲಾಪುರದ ಬಾಳಿವೇಸಿನ ಸಂದಿಯೊಳಗ
ಅಪ್ಪನ ಅಂಗಡಿ, ಅಪ್ಪನ ಚಿಮಟಿಗಿ, ಅಪ್ಪನ ಕೆಮ್ಮು.
ಹಾಡು ನನಗ ತಿಳಿಯೂದಿಲ್ಲ. ಹರಿದದ್ದು ತಿಳೀತದ.

ಮೊದಲ ಸಲ ಬಂದಾಗ ಅದರ ಬಾಯಿತುಂಬ ಹತ್ತಿ.
ಗಿರಣಿಯ ವೈಂಡಿಂಗ್ ಖಾತೆದ ಬಿಳಿ ನೂಲುಧೂಳು
ಹಿತ್ತಾಳಿ ನಾಲಿಗಿ ಮ್ಯಾಲ ಹಾಸಿಕೊಂಡು ಮಲಗಿತ್ತು.
ಅಪ್ಪ ಒಂದೊಂದಾಗಿ ತೆಗೆದ. ನಾ ದೀಪ ಹಿಡಿದಿದ್ದೆ.
"ಇದ ಹತ್ತಿ ನನ್ನ ಎದಿಯಾಗೂ ಅದ," ಅಂದ್ಳು,
"ಅದನ್ನ ತೆಗಿಲಾಕ ಎಷ್ಟು ತೊಗೋತಿ, ಮೌಲಾಸಾಬ?"

ಸಾಹೇಬ ಬಿಟ್ಟುಹೋದ ಪೇಟಿ. ನೂಲಿನ ಖಾತೆಯ ಬಿಳಿ ಮಾಸ್ತರ,
ನಲವತ್ತೇಳರಾಗ, ಕುರ್ಚಿ, ಮೀನಿನ ಗಾಳ,
ನಾಯಿ ಕೊರಳಿನ ಪಟ್ಟಿ ಜೋಡಿ
ಲಿಲಾವಿಗೆ ಇಟ್ಟದ್ದು. ಏಳು ರೂಪಾಯಿ.
ಗಂಡ ಹೊಡೆದ. ಏಳು ರೂಪಾಯಿ ಸಲುವಾಗಿ, ಹಾಡಿನ ಸಲುವಾಗಲ್ಲ.
ಹಾಡಿನ ಸಲುವಾಗಿ ಆಮ್ಯಾಲೆ ಹೊಡೆದ.

ಗುಂಡಿ ಒಂದೇ. ಒತ್ತಿದರ ಒಂದು ಸ್ವರ,
ಎಳೆದರ ಇನ್ನೊಂದು.
ನಮ್ಮ ಹಾರ್ಮೋನಿಯಂ ಹಂಗಲ್ಲ, ಅದು ನೆಟ್ಟಗಿನ ಮನಶ್ಯಾ.
ಇದನ್ನ ಯಾರು ಕಲಿಸಿದರು ಅಂದರ, ಬೀಸೂ ಕಲ್ಲು ಅಂತಿದ್ಳು:
ತಳ್ಳೂ ಕೈ ಬ್ಯಾರೆ, ಎಳಿಯೂ ಕೈ ಬ್ಯಾರೆ,
ಹಿಟ್ಟು ಒಂದ ಬೀಳತದ.

ಅರವತ್ತೆರಡು. ಭಾತಿಯ ಮೂಲಿ ಹರಿದಿತ್ತು.
ಸಂಪಿನ ಹದಿನೇಳನೇ ದಿನ, ಗೇಟಿನ ಮುಂದ,
ಅವ್ವನ ಬೀಸೂ ಹಾಡಿನಾಗ
ಅಣ್ಣ ಕುದುರಿ ಏರಿ ಬರೂ ಜಾಗಾದಾಗ
ಭೋಂಗಾ ಹಾಕಿದ್ಳಂತ, ಪಗಾರ ಹಾಕಿದ್ಳಂತ.
ಲಾಠಿ ಪೇಟಿಗೆ ಬಿತ್ತು.
ಆಡಿನ ಚರ್ಮದ ತ್ಯಾಪಿ, ಎರಡೂವರೆ ರೂಪಾಯಿ. ಅರ್ಧ ಕೊಟ್ಳು.

ಅರವತ್ತೊಂಬತ್ತು. ಒರೆಸಿ, ಒಂದು ಹನಿ ಎಣ್ಣಿ, ಅಷ್ಟ.
ಧಾರವಾಡಕ್ಕ ಕರೆದಿದ್ದರು, ದೊಡ್ಡ ಸಮ್ಮೇಳನ.
ಅಲ್ಲಿ ಚಾಳೀಸು ಹಾಕಿದವರು ಅಂದರಂತ:
ಬಾಯಿ ಜಾನಪದ, ಪೇಟಿ ಅಲ್ಲ. ಪೇಟಿ ಹೊರಗಿಡ್ರಿ.
"ನಾನೂ ಹೊರಗ ಕುಂತೆ. ಅದಕ ಜೋಡಿ ಯಾರರ ಬೇಕಲ್ಲ."
ಮುಂಬೈದವರು ಪೇಟಿ ಇರಲಿ ಅಂದರು.
ಕನ್ನಡ ಯಾಕ ಅಂದರು.

ಜೀವಮಾನದಾಗ ಒಂದ ರೆಕಾರ್ಡು.
ಕವರಿನ ಮ್ಯಾಲ ಹೆಸರು ತಪ್ಪು: ಗೌರಿಬಾಯಿ ಹತ್ತೂರಕರ.
ಮೂರನೇ ಹಾಡಿನ ನಡುವ ಒಂದು ರೀಡು ಸೀಳತದ.
ನಾ ಕೂಡಿಸಿದ್ದು ಅದು, ಅವಸರದಾಗ.
ಇಡೀ ಊರಾಗ ಅದು ಕೇಳಿಸೂದು ನನಗೊಬ್ಬವಗ,
ಮತ್ತ ಆಕಿಗೆ. ಒಂದು ಮಾತು ಆಡಲಿಲ್ಲ.
ಮುಂದಿನ ಸಲ ಬಂದಾಗ ಶೇಂಗಾ ಹಿಂಡಿಯ ಡಬ್ಬಿ
ಮೇಜಿನ ಮ್ಯಾಲ ಇಟ್ಟು ಹೋದ್ಳು. ಖಾರ ಭಾಳ ಇತ್ತು.

ಗಿರಣಿ ಮುಚ್ಚಿತು. ಪೇಟಿಯೊಳಗ ಹತ್ತಿ ಬರೂದು ನಿಂತಿತು.
ಬಿಚ್ಚಿದಾಗೆಲ್ಲ ಬರೇ ಮಣ್ಣುಧೂಳು,
ಒಮ್ಮೆ ಅರಿಷಿಣ ಹತ್ತಿದ ನಾಕು ಅಕ್ಕಿಕಾಳು,
ಯಾರ ಮದುವಿಯವೋ.

ಕೈಪಟ್ಟಿ ನೋಡ್ರಿ. ಎಲ್ಲಾಕಿಂತ ಹೆಚ್ಚು ಅದ ಹೇಳತದ.
ತುದಿಯ ತೂತು ಸಾಹೇಬಂದು.
ಎರಡನೇದು ಅಪ್ಪ ಹೊಡೆದದ್ದು, ಆಕಿ ಮೂವತ್ತರಾಕಿ ಇದ್ದಾಗ.
ಮೂರು, ನಾಕು, ಐದು ನನ್ನವು. ಕೈ ಸಣ್ಣಾದಂಗ
ಒಳಗ ಒಳಗ ಬಂದಾವ.
ಐದರ ಆಚೆ ಚರ್ಮ ಇಲ್ಲ.

ಹೋದ ಶ್ರಾವಣಕ್ಕ ಮೊಮ್ಮಗ ತಂದಿಟ್ಟ.
"ಎಷ್ಟು ಬರತದ, ಚಾಚಾ?"
ನೋಡಿ ಹೇಳತೀನಿ ಅಂದೆ. ಇನ್ನೂ ನೋಡ್ಲಿಕತ್ತೀನಿ.
ಬಲಗಡೆ ಹೆಬ್ಬೆರಳಿನ ಹತ್ತರ ಒಂದು ಗುಂಡಿ ಅದ, ಸ್ವರ ಇಲ್ಲದ್ದು.
ಹಾಡು ಮುಗಿದ ಮ್ಯಾಲ ಭಾತಿ ಮುಚ್ಚಲಾಕ,
ಗಾಳಿ ಸದ್ದಿಲ್ಲದ ಹೊರಗ ಹೋಗಲಿ ಅಂತ ಮಾಡಿದ್ದು.
ರಾತ್ರಿ ಶಟರ್ ಎಳಿಯೂ ಮುಂದ ಒಮ್ಮೆ ಒತ್ತತೀನಿ.
ಸದ್ದಿಲ್ಲ ಅನ್ನೂದು ಸುಳ್ಳು.

ವಹಿಯೊಳಗ ಅರವತ್ತೆರಡರ ಪುಟ:
ಹತ್ತೂರೆ, ಬಾಕಿ, ಒಂದೂಕಾಲು ರೂಪಾಯಿ.
ಗೀಟು ಹೊಡೆದಿಲ್ಲ.